ಅಲ್ಲಾಡದ ಕುತ್ತಿಗೆಯನ್ನಷ್ಟೇ ಬಲ್ಲ ಎಕ್ಸ್‌ರೇ ಯಂತ್ರಕ್ಕೆ

ಮಾನ್ಯ ಯಂತ್ರ ಮಹಾಶಯರೇ,

ತಾವು ನಮ್ಮ ಜುವೇರಿಯಾ ಭಾಬಿಯ ನೋವನ್ನು ಸುಳ್ಳು ಮಾಡಿದ್ದೀರಿ. ಚನ್ನಪಟ್ಟಣದ ನರ್ಸಿಂಗ್ ಹೋಮೊಂದರ ಕತ್ತಲೆ ಕೋಣೆಯಲ್ಲಿ ವಿರಾಜಮಾನರಾಗಿರುವ ತಮಗೆ ಇದನ್ನು ತಿಳಿಸಿ, ಆಮೇಲೆ ನಮಸ್ಕಾರಗಳನ್ನು ಸಲ್ಲಿಸುತ್ತೇನೆ.

ಮೂರು ತಿಂಗಳ ಹಿಂದೆ ಸರ್ವಿಸ್ ರಸ್ತೆಯ ಹಂಪ್ಸ್ ಮೇಲೆ ಸ್ಕೂಟರ್ ಎಗರಿ ಬಿದ್ದಂದಿನಿಂದ ಭಾಬಿ ಕುತ್ತಿಗೆ ನೋವಿಗೆ ಗದ್ದಕ್ಕೆ ಕೈ ಕೊಟ್ಟೇ ಕೂರುತ್ತಾರೆ; ಬಗ್ಗಿದರೆ ಬೆರಳುಗಳು ಜೋಮು ಹಿಡಿದು ಬೊಂಬೆಗೆ ಬಣ್ಣ ಹಚ್ಚುವ ಅರಗಿನ ಕಡ್ಡಿ ಕೈಜಾರುತ್ತದೆ. ತಮ್ಮ ಸನ್ನಿಧಿಯಲ್ಲಿ ಪಟ ತೆಗೆಯುವ ನಾಗರಾಜಣ್ಣನವರು, "ಅಲ್ಲಾಡ್ಬೇಡ ಕಣಮ್ಮ, ಪಟ ಕೆಟ್ಟೋಯ್ತದೆ" ಎಂದರು. ಭಾಬಿ ಕಲ್ಲಿನಂತೆ ನಿಂತರು. ತಾವು 'ನಾರ್ಮಲ್' ಎಂದಿರಿ. ಆ ಒಂದು ಪದಕ್ಕೆ ಎಂಥ ಮಹಿಮೆ! ನಮ್ಮ ಬೊಂಬೆ ಕಾರ್ಖಾನೆಯ ಯಜಮಾನರಾದ ಗೌಸ್ ಸಾಹೇಬರು ಅಂದಿನಿಂದ, "ಮಿಷಿನ್ನೇ ನಾರ್ಮಲ್ ಅಂದೈತೆ, ನಿಂದೇನಮ್ಮ ಹೊಸ ರಾಗ?" ಎನ್ನುತ್ತಿದ್ದಾರೆ.

ಭಾಬಿ ಮಾಡುವುದು ತಲೆಯಾಡಿಸುವ ಬೊಂಬೆ. ಡಬ್ಬಕ್ಕೆ ಹಾಕುವ ಮುನ್ನ ಪ್ರತಿಯೊಂದರ ತಲೆಯನ್ನೂ ಬೆರಳಿನಿಂದ ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಬಾಗಿಸಿ ನೋಡುತ್ತಾರೆ. ಸ್ಪ್ರಿಂಗ್ ಸಡಿಲವಾದ ಬೊಂಬೆ ಕಪಾಟಿನಲ್ಲಿ ನಿಂತಿರುವಾಗ ಎಷ್ಟು ಲಕ್ಷಣವಾಗಿರುತ್ತದೆಂದು ಅವರು ಬಲ್ಲರು. ಆರೋಗ್ಯ ಶಿಬಿರದ ಕರಪತ್ರವನ್ನು ನಾನು ಹನ್ನೊಂದು ಸಲ ಓದಿದ್ದೇನೆ. ಅದರ ಪ್ರಕಾರ ಮನುಷ್ಯರದೂ ಹಾಗೆಯೇ: ಕುತ್ತಿಗೆಯ ಮೇಲ್ಭಾಗದ ಮೂಳೆಗಳನ್ನು ಬಿಗಿದಿಡುವ ಲಿಗಮೆಂಟ್ ಸಡಿಲವಾದದ್ದು ನಿಶ್ಚಲ ಪಟದಲ್ಲಿ ಕಾಣದೇ ಹೋಗಬಹುದು, ವೈದ್ಯರ ಎದುರಿನಲ್ಲಿ ರೋಗಿ ತಾನಾಗಿಯೇ ಮೆಲ್ಲಗೆ ತಲೆ ಬಗ್ಗಿಸಿ, ಮೆಲ್ಲಗೆ ಎತ್ತಿ ತೆಗೆಸಿದ ಪಟಗಳನ್ನು ಹೋಲಿಸಬೇಕು. ಚಿಕಿತ್ಸೆ ಆಮೇಲೆ: ಕಾಲರ್ ಪಟ್ಟಿ, ಹೇಳಿಕೊಟ್ಟ ವ್ಯಾಯಾಮ, ತೀರಾ ಸಡಿಲವಾಗಿದ್ದರೆ ಶಸ್ತ್ರಚಿಕಿತ್ಸೆ. ಕುತ್ತಿಗೆ ತಿರುವುವುದು ಮಾತ್ರ ಯಾವ ಕಾರಣಕ್ಕೂ ಕೂಡದು.

ಆದ್ದರಿಂದ ಲಕ್ಷಗಟ್ಟಲೆ ಬೆಲೆಬಾಳುವ ತಾವು ಒಂದು ವಾರ ರಜೆ ಹಾಕಿ, ಏಳನೇ ತರಗತಿ ಓದಿದ ಭಾಬಿಯ ಬಳಿ ಶಿಷ್ಯರಾಗಿ ಸೇರಬೇಕೆಂದು ಕೋರುತ್ತೇನೆ. ಕಾರ್ಖಾನೆಯಲ್ಲಿ ಚಾಪೆ ಹಾಸಿರುತ್ತೇವೆ. ಬರುವಾಗ ದಯವಿಟ್ಟು ಅಲ್ಲಾಡಬೇಡಿ.

ತಮ್ಮ ಪಟದ ಮೇಲಲ್ಲದಿದ್ದರೂ ತಮ್ಮ ಮೇಲೆ ಇನ್ನೂ ಒಂದಿಷ್ಟು ಭರವಸೆಯಿರುವ
ತಮ್ಮ ವಿಶ್ವಾಸಿ,
ಅಸ್ರಾ

ಮರೆತ ಮಾತು: ತಮ್ಮ 'ನಾರ್ಮಲ್' ನಂಬಿ ಗೌಸ್ ಸಾಹೇಬರು ಕುದೂರಿನಿಂದ ಉಳುಕು ತೆಗೆಯುವ ದೊಡ್ಡಹನುಮಯ್ಯನವರನ್ನು ಕರೆಸುತ್ತಿದ್ದಾರೆ. "ನಾನು ಕಾಲು ಮುಂದಾಗಿ ಹುಟ್ದೋನು ಕಣವ್ವ, ಅಂಥೋರ್ ಕೈಗೆ ಉಳುಕು ನಿಲ್ಲಕಿಲ್ಲ, ಒಸಿ ತಿರುವಿದ್ರೆ ಲಟಕ್ಕಂತ ಕೂತ್ಕತದೆ" ಎಂದು ಅವರು ಫೋನಿನಲ್ಲೇ ಭಾಬಿಗೆ ಅಭಯ ಕೊಟ್ಟಿದ್ದಾರೆ. ಅವರು ಬರುವುದು ಶುಕ್ರವಾರ. ಬಗ್ಗಿಸಿ, ಎತ್ತಿ ಪಟ ತೆಗೆಸಲು ಮೂಳೆ ಡಾಕ್ಟರನ್ನು ನಾನು ಒಪ್ಪಿಸಿದ್ದೇನೆ. ತಾವು ಕೆಟ್ಟು ಕೂರದೆ ಕಾದಿರಿ: ಗುರುವಾರ, ಬೆಳಿಗ್ಗೆ ಹತ್ತೂವರೆ.