ಜೀರಾ ಸೋಡಾ ಕುಡಿದು ಬದುಕೋ ಭಾವ

ನಮ್ಮ ಭಾವ ವಾರಕ್ಕೊಮ್ಮೆನಾರ ಸಾಯ್ತಾರ! ಗಾಬರಿ ಆಗಬ್ಯಾಡ್ರಿ, ಒಂದು ಜೀರಾ ಸೋಡಾ ಕುಡಿಸಿದ್ರ ಮತ್ತ ಎದ್ದು ಕೂಡ್ತಾರ. ಹಿಂಗ ಸತ್ತು ಸತ್ತು ಬದುಕಿದ ಮನಿಷ್ಯಾ ಆದೋನಿ ಸೀಮ್ಯಾಗ ಇನ್ನೊಬ್ಬ ಇದ್ರ ತೋರಸ್ರಿ ನೋಡೋಣು.

ಭಾವಂದು ಕುರಿ ದಲ್ಲಾಳಿ ಕೆಲಸ. ಪತ್ತಿಕೊಂಡದ ಸಂತಿ ಅಂದ್ರ ನಸುಕಿನಾಗ ಗಾಡಿ ಹತ್ತಬೇಕು, ಹೊಟ್ಟಿಗೆ ಬರೇ ಚಹಾ, ಮಧ್ಯಾಹ್ನ ಹೊತ್ತು ಮೀರಿದ ಮ್ಯಾಲೆ ಒಗ್ಗಾಣಿ-ಮಿರ್ಚಿ. ಎದಿ ಉರೀದೆ ತಣ್ಣಗಿರತೈತೇನು? ಆದ್ರ ಭಾವಗ ಅದು ಗ್ಯಾಸ್ ಅಲ್ಲ, ಹಾರ್ಟೇ! ಅವರಪ್ಪನೂ ದಲ್ಲಾಳಿ. ಕುರಿ ವ್ಯಾಪಾರದಾಗ ಬಾಯಿಲೆ ರೇಟು ಹೇಳಂಗಿಲ್ಲ ನೋಡ್ರಿ, ಕೈ ಮ್ಯಾಲೆ ಟವಲ್ ಮುಚ್ಚಿ ಬೆರಳು ಒತ್ತಬೇಕು. ಕೈ ಬಿಟ್ರ ವ್ಯಾಪಾರ ಮುರೀತು ಅಂತ ಅರ್ಥ. ಹಂಗ ರೇಟು ಮಾತಾಡ್ತಿದ್ದಾಗನೇ ಅವರಪ್ಪ ಸಂತ್ಯಾಗ ಹಾರ್ಟ್ ನಿಂತು ಕುಸದು ಸತ್ತರಂತ. ಕೈ ಸಡಲಿದ್ದಕ್ಕ ಎದುರಿನಾವ ವ್ಯಾಪಾರ ಮುರೀತು ಅಂದುಕೊಂಡಿದ್ದನಂತ. ಅವತ್ತಿನಿಂದ ಭಾವನ ಎದ್ಯಾಗ ಆ ಹೆದರಿಕಿ ಮನಿ ಮಾಡೈತಿ.

ಇನ್ನೊಂದು ಚಟ ಐತಿ. ಕುರೀಗೆ ರಕ್ತ ಐತೋ ಇಲ್ಲೋ ಅಂತ ಕಣ್ಣಿನ ಕೆಳರೆಪ್ಪಿ ಜಗ್ಗಿ ನೋಡ್ತಾರಲ್ಲ, ಕೆಂಪಗಿದ್ರ ಗಟ್ಟಿ, ಬೆಳ್ಳಗಿದ್ರ ರೋಗ. ಭಾವ ಮನಿಷ್ಯಾರಿಗೂ ಅದನ್ನೇ ಮಾಡ್ತಾರ! ನನ್ನ ನೋಡಾಕ ಬಂದಿದ್ದ ವರನ ಕಣ್ಣು ಜಗ್ಗಿ, "ಪರವಾಗಿಲ್ಲ, ರಕ್ತ ಐತಿ, ಹುಡುಗೀನ ಕೊಡಬಹುದು" ಅಂದುಬಿಟ್ರು. ವರನ ತಾಯಿ ತೆಲುಗು ಬೆರಸಿ, "ಇದೇಂಟಯ್ಯಾ ಸ್ವಾಮಿ, ಹಲ್ಲೂ ಎಣಸ್ತೀರೇನು?" ಅಂದ್ರು. ಭಾವ ಖರೇನ ಎಣಸಾಕ ಹೊಂಟಿದ್ರು! ಪುಣ್ಯಾಕ ಆ ವರನೇ ಈಗ ನಮ್ಮ ಮನ್ಯಾವರು.

ಇನ್ನ ನಮ್ಮಕ್ಕ. ಅಂಗನವಾಡಿ ಟೀಚರು. ಕೋಳಿ ಕೂಗೂದಕ್ಕ ಎದ್ದು ರೊಟ್ಟಿ ಬಡದು, ಭಾವನ ಅವ್ವಗ ಜಳಕ ಮಾಡಸಿ, ಮಕ್ಕಳನ್ನ ಸಾಲಿಗೆ ಕಳಿಸಿ, ಅಂಗನವಾಡಿಗೆ ಓಡ್ತಾಳ. ಓಣ್ಯಾನ ಬಸುರ್ಯಾರಿಗೆಲ್ಲ ಕಬ್ಬಿಣದ ಗುಳಿಗಿ ಹಂಚಿ, "ಹೊತ್ತಿಗೆ ಸರಿಯಾಗಿ ಉಣ್ರಮ್ಮಾ" ಅಂತ ಬುದ್ಧಿ ಹೇಳಾಕಿ. ತಾನು ಉಣ್ಣೋದು ಎಲ್ಲಾರದೂ ಆದಮ್ಯಾಲೆ, ಉಳದಿದ್ರ! ಇತ್ತಿತ್ಲಾಗ ಮಾಳಗಿ ಮೆಟ್ಲು ಹತ್ತಿದ್ರ ಏದುಸಿರು. ಒಂದಿನ ನಾನು, "ಭಾವ, ಅಕ್ಕನ ಕಣ್ಣೂ ಒಮ್ಮೆ ನೋಡ್ರಿ" ಅಂದೆ.

"ಆಕಿ ಒಂದು ಕಡಿ ನಿಂತ್ರಲ್ಲೇನು ನೋಡೋದು!" ಅಂತ ನಕ್ರು.

"ನನಗೇನಾಗೈತಿ, ಗುಂಡುಕಲ್ಲು ಇದ್ದಂಗ ಅದೀನಿ" ಅಂತ ಅಕ್ಕನೂ ನಕ್ಕಳು. ನನಗ ನಗಿ ಬರಲಿಲ್ಲ.

ಹೋದ ತಿಂಗಳು ನಾನು ಅವರ ಮನ್ಯಾಗ ಇದ್ದಾಗ, ಸಂತಿ ಮುಗಿಸಿ ಬಂದ ಭಾವ ಎದಿ ಹಿಡಕೊಂಡು ಮಂಚದ ಮ್ಯಾಲೆ ಬಿದ್ರು.

"ಅಯ್ಯೋ ದೇವುಡಾ! ಸೋಡಾ ತಾರೇ! ಈ ಸಲ ಖರೇನ ಹೊಂಟೆ!"

ಸೋಡಾ ಬರಲಿಲ್ಲ. "ಗಂಡ ಸಾಯಾಕತ್ತಾನ, ಒಂದು ಸೋಡಾ ತರಾಕ ಇಷ್ಟೊತ್ತೇನು!" ಅಂತ ಬೈಕೋತ, ಸತ್ತ ಭಾವ ತಾವೇ ಎದ್ದು ಅಡಗಿಮನಿಗೆ ನಡದ್ರು. ಅವರು ಕೂಗಿದ್ದು ಕೇಳಿ ನಾನೂ ಓಡಿದೆ. ಅಕ್ಕ ನೆಲದ ಮ್ಯಾಲೆ ಬಿದ್ದಿದ್ಳು. ಸೋಡಾ ಬಾಟ್ಲಿ ಪಕ್ಕದಾಗ ಉಳ್ಳಾಡ್ತಿತ್ತು.

ಭಾವ ಮೊಣಕಾಲೂರಿ ಆಕಿ ಕಣ್ಣಿನ ರೆಪ್ಪಿ ಜಗ್ಗಿದ್ರು. ಮೊದಲನೇ ಸಲ! ಒಳಗ ಹತ್ತಿ ಇದ್ದಂಗ ಬೆಳ್ಳಗಿತ್ತು. "ರಕ್ತನ ಇಲ್ಲಲ್ಲವ್ವಾ..." ಅಂದ್ರು ನನಗ. ಕುರಿ ಒಯ್ಯೋ ಆಟೋದಾಗ ಅಕ್ಕನ್ನ ಮಲಗಿಸಿಕೊಂಡು ದವಾಖಾನಿಗೆ ಹೊಂಟ್ವಿ. ದಾರ್ಯಾಗೆಲ್ಲ ನಾ ಆಕಿ ಮೂಗಿನ ಹತ್ರ ಕೈ ಇಟ್ಟು ಉಸಿರು ಐತೋ ಇಲ್ಲೋ ಅಂತ ನೋಡಿದ್ದೇ ನೋಡಿದ್ದು. ಅಷ್ಟು ಹೆದರಿಕಿ ನನಗ ಜನ್ಮದಾಗ ಆಗಿದ್ದಿಲ್ಲ.

"ಇಷ್ಟು ಕಡಿಮಿ ರಕ್ತದಾಗ ಈಕಿ ಹೆಂಗ ಓಡಾಡಿದ್ಳು?" ಅಂದ್ರು ಡಾಕ್ಟರಮ್ಮ. "ಇನ್ನೂ ತಡ ಮಾಡಿದ್ರ ಹಾರ್ಟು ಸೋತು ಬಿಡ್ತಿತ್ತು."

ಹಾರ್ಟು! ಭಾವ ಗ್ವಾಡಿ ಹಿಡಕೊಂಡ್ರು. ಸೋಡಾ ಕೇಳಲಿಲ್ಲ.

ಅಕ್ಕಗ ಏರಿಸಾಕತ್ತಿದ್ದ ರಕ್ತ ಹನಿ ಹನಿ ಇಳಿಯಾಕತ್ತಿತ್ತು. ವಾರ್ಡು ತುಂಬ ಮಂದಿ. ಭಾವ ಹೆಗಲ ಮ್ಯಾಲಿನ ಟವಲ್ ತಗದು ಅಕ್ಕನ ಕೈಗೆ ಹೊದಿಸಿ, ಅದರ ಕೆಳಗ ತಮ್ಮ ಕೈ ತೂರಿಸಿದ್ರು. ಅಕ್ಕ ಕಣ್ಣು ತೆರದು, "ಕೈ ಬಿಡ್ರಿ, ಮಂದಿ ನೋಡ್ತಾರ" ಅಂದ್ಳು.

"ಬಿಟ್ರ ವ್ಯಾಪಾರ ಮುರೀತೈತಿ," ಅಂದ್ರು ಭಾವ. "ನಾ ಬಿಡಂಗಿಲ್ಲ."