ಹದಿನೇಳನೇ ಬಿಲ್ಲೆ

ಊರಿನ ಒಲೆಯನ್ನು ಕೌನ್ಸಿಲ್‌ನವರು ಊರಿನವರಿಗೆ ಮುಚ್ಚಿ, ಪ್ರವಾಸಿಗರಿಗೆ ತೆರೆದರು. ಟಿಕೆಟ್ ಇದ್ದವರಿಗಷ್ಟೇ ಪ್ರವೇಶ.

ಗೋಜೊ ದ್ವೀಪದ ಆ ಹಳ್ಳಿಯಲ್ಲಿ ಮೊದಲೆಲ್ಲ ಭಾನುವಾರದ ಊಟ ಮನೆಯಲ್ಲಿ ಬೇಯುತ್ತಿರಲಿಲ್ಲ. ಹೆಂಗಸರು ತಟ್ಟೆ ತುಂಬಿಸಿ ರೊಟ್ಟಿಯಂಗಡಿ ಕರ್ಮ್ನುವಿನ ಇದೇ ಕಲ್ಲೊಲೆಗೆ ಕೊಟ್ಟು, ನಂಬರಿನ ಹಿತ್ತಾಳೆ ಬಿಲ್ಲೆ ಪಡೆದು ಚರ್ಚಿಗೆ ಹೋಗುತ್ತಿದ್ದರು. ಪೂಜೆ ಮುಗಿಸಿ ಬಂದು ಬಿಲ್ಲೆ ಕೊಟ್ಟರೆ ತಟ್ಟೆ. ತಟ್ಟೆ ಕೈಗೆ ಬರುವ ಮೊದಲೇ ಬಿಲ್ಲೆ ಬಿಟ್ಟುಕೊಡುವ ಪೆದ್ದರು ಊರಲ್ಲೇ ಇರಲಿಲ್ಲ.

ಎಂಟು ವರ್ಷದ ಹಿಂದೆ ವಿಸ್ತಿನ್‌ನ ಹೆಂಡತಿ ಜೂಸಾ ಹೀಗೆಯೇ ಹದಿನೇಳನೇ ಬಿಲ್ಲೆ ಹಿಡಿದು ಚರ್ಚಿಗೆ ಹೋದವಳು ಅಲ್ಲೇ ಕುಸಿದು ತೀರಿಕೊಂಡಳು. ಆ ತಟ್ಟೆ ತರಲು ಯಾರೂ ಹೋಗಲಿಲ್ಲ. ಅವಳ ಕೈಯಲ್ಲಿದ್ದ ಬಿಲ್ಲೆ ಅವನ ಜೇಬು ಸೇರಿ ಅಲ್ಲೇ ಉಳಿಯಿತು. ಅವಳು ಮಾಡುತ್ತಿದ್ದ ಮಾಂಸ, ಟೊಮೆಟೊದ ಕೆಂಪನ್ನದ ಗರಿಗರಿ ಮೂಲೆ ಸದಾ ಅವನಿಗೇ ಮೀಸಲಾಗಿತ್ತು. ಮನೆಯ ಕರೆಂಟಿನ ಒಲೆಯಲ್ಲಿ ಆ ಮೂಲೆ ಒಮ್ಮೆಯೂ ಗರಿಗಟ್ಟಲಿಲ್ಲ.

ಇವತ್ತು ಅವಳು ಹೋದ ದಿನ. ಆ ಮೂಲೆಯನ್ನೊಮ್ಮೆ ತಿನ್ನಲೇಬೇಕೆಂದು ವಿಸ್ತಿನ್ ಬೆಳಿಗ್ಗೆಯೇ ಅನ್ನ ಕಲಸಿದ್ದ. ಪಕ್ಕದ ಮನೆಯ ಚೆನ್ಸಾ ಕರೆಯದೆಯೇ ಬಂದು, ಸಾಲದೆಂದು ಇನ್ನೊಂದು ಹಿಡಿ ಚೀಸ್ ಸುರಿದಳು. ತನ್ನಲ್ಲಿ ತಂಗಿದ್ದ ಪ್ರವಾಸಿ ಬಿಟ್ಟುಹೋದ ಹುಲ್ಲಿನ ಟೋಪಿ, ಕಪ್ಪು ಕನ್ನಡಕ, ಬಳಸದ ಟಿಕೆಟ್ಟನ್ನೂ ಕೊಟ್ಟಳು.

"ಬಾಯಿ ಮಾತ್ರ ಬಿಡಬೇಡ ಮಾರಾಯ. ಬಿಟ್ಟರೆ ಹಡಗುಕಟ್ಟೆ ವಾಸನೆ ಹೊಡೆಯತ್ತೆ, ಊರಿನವನು ಅಂತ ಗೊತ್ತಾಗಿಬಿಡತ್ತೆ," ಎಂದಳು.

ಬಿಸಿಲಿಗೆ ಬೆಂದ ಸೀಗಡಿಗಳಂತಿದ್ದ ಪ್ರವಾಸಿಗರ ನಡುವೆ ವಿಸ್ತಿನ್ ಟವೆಲಿನಡಿ ತಟ್ಟೆ ಹಿಡಿದು ನುಸುಳಿದ. ಎಲ್ಲರೂ ಕಮಾನಿನ ಫೋಟೊ ತೆಗೆಯುತ್ತಿದ್ದಾಗ, ಪ್ರದರ್ಶನಕ್ಕೆಂದು ಉರಿಸಿದ್ದ ಒಲೆಯೊಳಗೆ ತಟ್ಟೆ ತಳ್ಳಿದ. ಗೈಡ್ ಹುಡುಗಿ ಪಕ್ಕದ ದೊಡ್ಡ ದ್ವೀಪ ಮಾಲ್ಟಾದಿಂದ ಬಂದವಳು. ಕಡಲ್ಗಳ್ಳರು, ಉಪ್ಪಿನ ಮಡಿಗಳು, ಕೋಟೆ ಎಂದು ಮುಕ್ಕಾಲು ಗಂಟೆ ಇತಿಹಾಸ ಹೇಳಿದಳು. ಅರ್ಧ ತಪ್ಪು. ತಿದ್ದಲು ನಾಲಿಗೆ ತುರಿಸಿದರೂ ವಿಸ್ತಿನ್ ಹಲ್ಲು ಕಚ್ಚಿಕೊಂಡ. ಅಷ್ಟರಲ್ಲಿ ಘಮ ಎದ್ದಿತು.

ಹುಡುಗಿ ಒಂದು ಗಳಿಗೆ ತಬ್ಬಿಬ್ಬಾದಳು. ಮರುಗಳಿಗೆ ತಟ್ಟೆ ಹೊರಗೆಳೆದು, ಇದು ಕೌನ್ಸಿಲ್‌ನವರು ನಿಮಗಾಗಿ ಮಾಡಿಸಿದ ಅಚ್ಚರಿ ಎಂದು ಚಮಚ ಹಂಚಿದಳು. ಕೆಂಪು ಮೂಗಿನ ದಡೂತಿಯೊಬ್ಬ ಮೊದಲು ಕೈಹಾಕಿದ್ದೇ ಆ ಮೂಲೆಗೆ. ತಟ್ಟೆ ವಿಸ್ತಿನ್‌ನ ಬಳಿ ಬರುವಾಗ ತೊಳೆದಿಟ್ಟಂತಿತ್ತು.

ವಿಸ್ತಿನ್‌ಗೆ ಚೆನ್ಸಾಳ ಮಾತು ಮರೆತುಹೋಯಿತು. ಹಳೆಯ ಅಭ್ಯಾಸದಂತೆ ಬಿಲ್ಲೆ ಎತ್ತಿ ಹಿಡಿದು, ಅಚ್ಚ ಗೋಜೊ ಮಾತಿನಲ್ಲಿ, "ಹದಿನೇಳು. ಅದು ನಮ್ಮನೇದು," ಎಂದ.

ಹುಡುಗಿ ಬಿಲ್ಲೆ ನೋಡಿದಳು. ಬಿಲ್ಲೆಗಳನ್ನು ತೂಗುಹಾಕಿದ್ದ ಗೋಡೆಯ ಹಲಗೆ ನೋಡಿದಳು. ನಲವತ್ತು ಮೊಳೆಗಳಲ್ಲಿ ಖಾಲಿಯಿದ್ದದ್ದು ಹದಿನೇಳನೆಯದೊಂದೇ. ಅವಳ ಮುಖ ಅರಳಿತು. ಎಷ್ಟೋ ದಿನದಿಂದ ಹುಡುಕುತ್ತಿದ್ದ ಬಿಲ್ಲೆಯನ್ನು ಊರಿನ ಹಿರಿಯರೊಬ್ಬರು ದಾನ ಕೊಡಲು ತಂದಿದ್ದಾರೆಂದು ಸಾರಿದಳು. ಪ್ರವಾಸಿಗರು ಚಪ್ಪಾಳೆ ತಟ್ಟಿದರು. ದಡೂತಿ ಗಡ್ಡಕ್ಕಂಟಿದ ಅನ್ನ ಒರೆಸಿಕೊಂಡು ಫೋಟೊ ತೆಗೆದ.

"ಕೊಡಿ ಅಜ್ಜ, ಇದು ಕೌನ್ಸಿಲ್ ಸ್ವತ್ತು. ಕೊಟ್ಟು ಹೊರಡಿ, ಬಾಗಿಲು ಹಾಕ್ಬೇಕು."

ವಿಸ್ತಿನ್ ಟೋಪಿ ತೆಗೆದಿಟ್ಟು ಒಲೆಯ ಮುಂದಿನ ಕಟ್ಟೆಯ ಮೇಲೆ ಕುಳಿತ. ಬಿಲ್ಲೆ ಮುಷ್ಟಿಯೊಳಗಿತ್ತು.

"ಮೊದಲು ನನ್ನ ಹೆಂಡತಿ ಕೊಟ್ಟಿದ್ದ ತಟ್ಟೆ ತಗೊಂಡು ಬಾಮ್ಮ," ಎಂದ. "ಅಲ್ಲೀವರೆಗೂ ಕೊಡಲ್ಲ."