ಹಿರಿಯೂರಿನ ಬಿಸಿಲಲ್ಲಿ ಹಿಮದ ಟೈರು

"ಚಿತ್ರಲಿಂಗಪ್ಪ, ಹಿಮದಾಗೆ ಜಾರದಿರೋ ಟೈರು ಯಾವುದು, ಅದಕ್ಕೊಪ್ಪೋ ಗಾಲಿ ಯಾವುದು, ಸಂಜೆಯೊಳಗೆ ಆರಿಸಿಡು," ಎಂದು ನಾಗರಾಜಪ್ಪ ಸಾಹುಕಾರರು ಹೇಳಿ ಹೊರಟೇಬಿಟ್ಟರು.

ಹಿರಿಯೂರಿನ ಶೇಂಗಾ ಎಣ್ಣೆ ಮಿಲ್ಲಿನ ಗುಮಾಸ್ತ ಚಿತ್ರಲಿಂಗಪ್ಪ ಅದುವರೆಗೆ ಆರಿಸಿದ್ದ ಅತಿ ಕಷ್ಟದ ವಸ್ತುವೆಂದರೆ ಬದನೆಕಾಯಿ. ಹಿಮವನ್ನು ಅವನು ಕಂಡಿದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ.

ಸಾಹುಕಾರರು ಹೊಸದಾಗಿ ಕೊಂಡಿದ್ದ ಸ್ಪೋರ್ಟ್ಸ್ ಕಾರು ನೆಲಕ್ಕೆ ಹೊಟ್ಟೆ ಹಚ್ಚಿ ಕೂತ ಕೆಂಪು ಕಪ್ಪೆಯಂತಿತ್ತು. ಮರುದಿನ ಹೆಂಡತಿ ದಾಕ್ಷಾಯಿಣಿಯವರನ್ನು ಕೂರಿಸಿಕೊಂಡು ಅದರಲ್ಲೇ ಕಾಶ್ಮೀರಕ್ಕೆ ಹೊರಡುವವರಿದ್ದರು. ಟೈರು ಸರಿಯಾಗಿ ಆರಿಸಿದರೆ ತಾವು ಬರುವವರೆಗೂ ರಜೆ ಎಂದಿದ್ದರು. ಆ ರಜೆ ಚಿತ್ರಲಿಂಗಪ್ಪನಿಗೆ ಬೇಕೇ ಬೇಕಿತ್ತು. ಭಾನುವಾರ ಹೊಸದುರ್ಗದಲ್ಲಿ ಅವನ ಮಗಳ ನಾಮಕರಣ. ಹೆಂಡತಿಯ ಸೀಮಂತಕ್ಕೂ ಹೋಗಿರಲಿಲ್ಲ. "ಈ ಸಲನೂ ಬರ್ಲಿಲ್ಲಾಂದ್ರೆ ಮಗೂಗೆ ನಿಮ್ ಫೋಟೋ ತೋರ್ಸಿ ಇವ್ರೇ ಅಪ್ಪ ಅಂತೀವಿ," ಎಂದು ಮಾವ ಕರಿಸಿದ್ದಪ್ಪ ಫೋನಿನಲ್ಲಿ ಮೆತ್ತಗೆ ಚುಚ್ಚಿದ್ದರು.

ಟೈರಂಗಡಿಯ ಬಸವೇಶ್ ಬೆಂಗಳೂರಿನಿಂದ ತರಿಸಿದ್ದ ಎರಡು ಸೆಟ್ಟುಗಳನ್ನು ಮಿಲ್ಲಿನ ಗೋಡೆಗೆ ಒರಗಿಸಿದ. ಒಂದರಲ್ಲಿ ಫಳಫಳ ಹೊಳೆಯುವ ದೊಡ್ಡ ಗಾಲಿ, ಅದಕ್ಕೆ ಬಳೆಯಷ್ಟು ತೆಳ್ಳನೆ ಟೈರು. ಇನ್ನೊಂದರಲ್ಲಿ ಸಣ್ಣ ಗಾಲಿ, ದಪ್ಪ ಟೈರು.

"ಯಾವುದು ಒಳ್ಳೇದು?"

"ದೊಡ್ಡದು ನೋಡಾಕೆ ಒಳ್ಳೇದು, ಸಣ್ಣದು ಓಡ್ಸಾಕೆ ಒಳ್ಳೇದು ಸಾರ್."

"ಸಾಹುಕಾರ್ರು ನೋಡ್ತಾರೋ, ಓಡಿಸ್ತಾರೋ?"

"ಅದು ನಿಮಗೇ ಗೊತ್ತು!"

ಮಿಲ್ಲಿನ ಡ್ರೈವರ್ ದುರುಗಣ್ಣ ಬೀಡಿ ನಂದಿಸಿ ಹತ್ತಿರ ಬಂದ. "ಹಿಮ ಅಂದ್ರೆ ಬಿಳೀ ಕೆಸರು ಕಣಪ್ಪ. ಟ್ರ್ಯಾಕ್ಟ್ರು ಟೈರು ಹಾಕ್ಸು. ಕಾರು ಹತ್ತಾಕೆ ಏಣಿ ಕೊಟ್ರಾತು."

ಶೇಂಗಾ ಹಸನು ಮಾಡುತ್ತಿದ್ದ ಪಾರ್ವತಮ್ಮನಿಗೆ ಬೇರೆಯದೇ ಚಿಂತೆ. "ಚಳಿಗಾಲದ ಟೈರು ಅಂತೀರಿ, ಬಿಸಿಲಾಗೆ ನಿಲ್ಸೀರಲ್ಲ, ಬಾಡಲ್ವಾ?" ಎಂದವಳೇ ಒದ್ದೆ ಗೋಣಿಚೀಲ ಹೊದಿಸಿದಳು.

"ಬಾಡಲ್ಲಮ್ಮ, ಸವೀತವೆ," ಎಂದ ಬಸವೇಶ್. "ಚಳಿಗೆ ಅಂತ್ಲೇ ಮೆತ್ತಗೆ ಮಾಡಿರೋವು. ಬಿಸಿ ರೋಡಿನಾಗೆ ಬಾಳಿಕೆ ಬರಲ್ಲ."

ಚಿತ್ರಲಿಂಗಪ್ಪನ ತಲೆ ಎಣ್ಣೆ ಗಾಣದ ಹಾಗೆ ತಿರುಗತೊಡಗಿತು. ದೊಡ್ಡದೋ ಸಣ್ಣದೋ, ಇಲ್ಲಿ ಹಾಕಿಸುವುದೋ ಅಲ್ಲಿ ಹಾಕಿಸುವುದೋ?

"ಜಾರ್ತೈತೋ ಇಲ್ವೋ ನೋಡೇಬಿಡಾಣ," ಎಂದ ದುರುಗಣ್ಣ. ಹಿಮಕ್ಕೆ ಎಲ್ಲಿ ಹೋಗುವುದು? ಇಡೀ ಹಿರಿಯೂರಿನಲ್ಲಿ ಹಿಮದಷ್ಟು ಜಾರುವ ಜಾಗ ಒಂದೇ, ಮಿಲ್ಲಿನೊಳಗಿನ ಎಣ್ಣೆ ಕುಡಿದ ನೆಲ.

ಸಣ್ಣ ಗಾಲಿಯನ್ನು ಅಲ್ಲಿ ನಿಲ್ಲಿಸಿ ಚಿತ್ರಲಿಂಗಪ್ಪ ಭಾರ ಬಿಟ್ಟ. ಅಲುಗಲಿಲ್ಲ. ದೊಡ್ಡದರ ಮೇಲೆ ಭಾರ ಬಿಟ್ಟದ್ದೇ ತಡ, ಗಾಲಿ ಒಂದು ಕಡೆ, ಅವನೊಂದು ಕಡೆ. ಹಿಂಡಿಯ ರಾಶಿಯಿಂದ ಅವನನ್ನು ಎಳೆದು ತೆಗೆದಾಗ ಮೀಸೆಯಲ್ಲೂ ಶೇಂಗಾ ಘಮ.

"ಸಣ್ಣದೇ ಸರಿ!" ಎಂದು ಉಗುಳುತ್ತಾ ತೀರ್ಪು ಕೊಟ್ಟ.

ಸಂಜೆ ಸಾಹುಕಾರರ ಮುಂದೆ ನಿಂತು ಎಲ್ಲ ವರದಿ ಒಪ್ಪಿಸಿದ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. "ಇಲ್ಲೇ ಹಾಕ್ಸಬ್ಯಾಡ್ರಿ ಯಜಮಾನ್ರೆ. ನಮ್ಮ ಬಿಸಿಲಿಗೆ ದಾರೀಲೇ ಸವೆದು ಹೋಗ್ತವೆ. ಹಿಮ ಸುರುವಾಗೋ ಕಡೆ ಹಾಕ್ಸಿ," ಎಂದೂ ಸೇರಿಸಿದ.

ಸಾಹುಕಾರರು ಅವನ ಬೆನ್ನು ತಟ್ಟಿದರು. ಅಂಟಿದ್ದ ಹಿಂಡಿ ಉದುರಿತು. "ಭೇಷ್! ರಜೆ ಕೊಟ್ಟೆ ಹೋಗು."

ಚಿತ್ರಲಿಂಗಪ್ಪ ಅಲ್ಲೇ ಫೋನು ಹಚ್ಚಿದ. "ಮಾವ, ಭಾನುವಾರ ಬರ್ತಾ ಇದೀನಿ! ಖಂಡಿತ!"

"ಕಾರಿನಾಗೆ ಇರೋದು ಎರಡೇ ಸೀಟು," ಎಂದು ಸಾಹುಕಾರರು ಯೋಚಿಸುತ್ತಿದ್ದರು. "ಗಾಲಿ ತಗಂಡು ದುರುಗ ಪಿಕಪ್‌ನಾಗೆ ಹಿಂದೆ ಬರ್ಲಿ. ಚಿತ್ರಲಿಂಗಪ್ಪ, ನೀನೂ ಹತ್ತು."

"ನಾನ್ಯಾಕ್ರಿ?"

"ಹೊಸ ಗಾಲಿ ಆರಿಸಿದೋನ ಕೈಯಿಂದ್ಲೇ ನಿಂಬೆಹಣ್ಣು ಇಡ್ಸಿ ಹೊರಡೋದು ನಮ್ಮನೆ ಪದ್ಧತಿ. ನಮ್ಮಪ್ಪನ ಎತ್ತಿನಗಾಡಿಯಿಂದ ಬಂದೈತೆ."

"ಇಲ್ಲೇ, ಈಗ್ಲೇ ಇಟ್ಬಿಡ್ತೀನ್ರಿ!"

"ಗಾಲಿ ಹಾಕೋದು ಕಾಶ್ಮೀರದಾಗೆ. ನಿಂಬೆಹಣ್ಣು ಹಿರಿಯೂರಾಗೆ ಇಟ್ರೆ ಯಾವ ಗಾಲಿ ಹತ್ತತೈತಪ್ಪ? ನೀನೇ ಹೇಳ್ದೆಯಲ್ಲ, ಅಲ್ಲೇ ಹಾಕ್ಸಿ ಅಂತ."

"ಯಜಮಾನ್ರೆ, ನನ್ನ ರಜೆ..."

"ಕೊಟ್ಟೀನಲ್ಲಪ್ಪ! ಮತ್ತೆ ಕಾಶ್ಮೀರಕ್ಕೆ ರಜೆ ಇಲ್ದೆ ಹೋಗಾಕಾಗ್ತೈತಾ?"

ಪಾರ್ವತಮ್ಮ ಓಡಿಬಂದು ಅವನ ಅಂಗೈಗೆ ನಾಲ್ಕು ನಿಂಬೆಹಣ್ಣು ತುರುಕಿದಳು. "ಅಲ್ಲಿ ಸಿಕ್ತಾವೋ ಇಲ್ವೋ, ಇಟ್ಕಳ್ರಿ." ಇನ್ನೊಂದು ಕೈಯಲ್ಲಿದ್ದ ಫೋನಿನೊಳಗಿಂದ ಮಾವ, "ಅಳಿಯಂದ್ರೆ, ಯಾವ ಬಸ್ಸಿಗೆ ಬರ್ತೀರಿ?" ಎಂದು ಕೇಳುತ್ತಲೇ ಇದ್ದರು.